ತುಂಡು ತುಂಡಾಗಿ ಕಲಿಸುವ 'ಅಕಬಾರ್'

ಸ್ಪ್ಯಾನಿಷ್ ಕಲಿಸುವ ಪುಸ್ತಕಗಳಲ್ಲಿ 'ಅಕಬಾರ್' ಎಂಬ ಕ್ರಿಯಾಪದ ಇಡಿಯಾಗಿ ಒಂದೇ ಕಡೆ ಸಿಗುವುದು ಅಪರೂಪ. ಮೊದಲು 'ಮುಗಿಸು' ಎಂಬ ಅರ್ಥ ಕೊಟ್ಟು ಮುಂದೆ ಹೋಗುತ್ತಾರೆ. ಕೆಲವು ಪಾಠಗಳಾದ ಮೇಲೆ 'ಅಕಬಾರ್ ದೆ' ಬರುತ್ತದೆ. ಅದಕ್ಕೆ 'ಈಗ ತಾನೆ' ಎಂಬ ಅರ್ಥ. ಆಮೇಲೆಲ್ಲೋ 'ಅಕಬಾರ್ ಪೊರ್', 'ಅಕಬಾರ್ ಕೊನ್', 'ಅಕಬಾರ್ಸೆ' ಬೇರೆ ಬೇರೆ ಪಟ್ಟಿಗಳಲ್ಲಿ ತಲೆ ಹಾಕುತ್ತವೆ. ಒಂದೊಂದರ ಎದುರಿಗೂ ಒಂದೊಂದು ಇಂಗ್ಲಿಷ್ ಅರ್ಥ. ಕಲಿಯುವವರು ಐದು ಪದ ಕಲಿತೆವೆಂದುಕೊಳ್ಳುತ್ತಾರೆ, ಇರುವುದು ಒಂದೇ ಪದ. ಈ ಕ್ರಮದಿಂದ ಪರೀಕ್ಷೆ ಪಾಸಾಗಬಹುದು. ಆದರೆ ಸ್ಪ್ಯಾನಿಷ್ ಮಾತಾಡುವವರ ಮನಸ್ಸಿನಲ್ಲಿ ಈ ಪದ ಕೆಲಸ ಮಾಡುವ ಬಗೆಯನ್ನು ಅದು ಮರೆಮಾಡುತ್ತದೆ.

ಪದದ ಹೊಟ್ಟೆಯೊಳಗೆ 'ಕಾಬೊ' ಇದೆ. ಕಾಬೊ ಎಂದರೆ ತುದಿ, ಅಂಚು. ಸಮುದ್ರಕ್ಕೆ ಚಾಚಿಕೊಂಡ ಭೂಶಿರಕ್ಕೂ ಅದೇ ಹೆಸರು. ಅಕಬಾರ್ ಎಂದರೆ ಅಂಚು ಮುಟ್ಟುವುದು. ಜೊತೆಗೆ ಬರುವ ಚಿಕ್ಕ ಪದಗಳು ನಾವು ಆ ಅಂಚನ್ನು ಎಲ್ಲಿ ನಿಂತು ನೋಡುತ್ತಿದ್ದೇವೆ ಎಂದು ಹೇಳುತ್ತವೆ.

'ಅಕಾಬೊ ದೆ ಕೊಮೇರ್' ಎಂದರೆ 'ಈಗ ತಾನೆ ಊಟ ಮಾಡಿದೆ'. ಊಟ ಆಗಿಹೋಗಿದೆ, ಆದರೂ ಕ್ರಿಯಾಪದ ವರ್ತಮಾನ ಕಾಲದಲ್ಲಿದೆ. ಪುಸ್ತಕಗಳು ಇದನ್ನು ವಿಶೇಷ ನಿಯಮವೆಂದು ಬಾಯಿಪಾಠ ಮಾಡಿಸುತ್ತವೆ. ಅಂಚಿನ ಚಿತ್ರ ಕಣ್ಣೆದುರಿದ್ದರೆ ನಿಯಮದ ಗೊಡವೆಯೇ ಬೇಡ: ಊಟದ ತುದಿಯಲ್ಲಿ ನಾನು ಈಗ ನಿಂತಿದ್ದೇನೆ, ಅಷ್ಟೇ. ಕಾಲ ಬದಲಿಸಿ 'ಅಕಬೇ ದೆ ಲೆಯೇರ್' ಎಂದರೆ 'ಈಗ ತಾನೆ' ಎಂಬ ಅರ್ಥ ಸಾಮಾನ್ಯವಾಗಿ ಹೋಗಿ, 'ಓದಿ ಮುಗಿಸಿದೆ' ಎಂಬ ಅರ್ಥ ಬರುತ್ತದೆ. ಇನ್ನು 'ನೊ ಅಕಾಬೊ ದೆ ಎಂತೆಂದೇರ್' ಎಂಬ ಮಾತನ್ನು 'ಈಗ ತಾನೆ' ಎಂಬ ಅರ್ಥದಿಂದ ಬಿಡಿಸಲು ಹೊರಟರೆ ತಲೆಬುಡ ತಿಳಿಯುವುದಿಲ್ಲ. 'ಅರ್ಥದ ಅಂಚು ಇನ್ನೂ ಮುಟ್ಟಿಲ್ಲ' ಎಂದುಕೊಂಡರೆ ಸಲೀಸು. ನಮ್ಮ ಮಾತಿನಲ್ಲಿ 'ಯಾಕೋ ಸರಿಯಾಗಿ ತಲೆಗೆ ಹತ್ತುತ್ತಿಲ್ಲ'. ಎದುರಿನವರ ಮಾತನ್ನು ನೇರವಾಗಿ ಅಲ್ಲಗಳೆಯದೆ ಅನುಮಾನ ಸೂಚಿಸುವ ಮರ್ಯಾದೆಯ ದಾರಿಯೂ ಹೌದು ಇದು. ಇಷ್ಟು ಉಪಯೋಗದ ಬಳಕೆ ಎಷ್ಟೋ ಕಡೆ ಅಡಿಟಿಪ್ಪಣಿಯಲ್ಲಿ ಕೂತಿರುತ್ತದೆ.

ಹೆಚ್ಚು ಹಾನಿಯಾಗುವುದು 'ಕೊನೆಗೆ ಹೀಗಾಯಿತು' ಎಂಬ ಅರ್ಥದಲ್ಲಿ. 'ಅಕಬೋ ವೆಂದಿಯೆಂದೊ ಲಾ ಕಾಸಾ' ಎಂಬ ವಾಕ್ಯ ನೋಡಿ. ವೆಂದಿಯೆಂದೊ ಎಂದರೆ 'ಮಾರುತ್ತಾ' ಎಂದು ಕಲಿತ ಕನ್ನಡಿಗರು 'ಮನೆ ಮಾರುತ್ತಾ ಮುಗಿಸಿದ' ಎಂದು ಓದಿ ತಬ್ಬಿಬ್ಬಾಗುತ್ತಾರೆ. ನಿಜವಾದ ಅರ್ಥ 'ಕೊನೆಗೆ ಮನೆ ಮಾರಿಯೇಬಿಟ್ಟ'. ಮಾರುವ ಮನಸ್ಸಿರಲಿಲ್ಲ, ಅಲ್ಲಿ ಇಲ್ಲಿ ಸಾಲ ಕೇಳಿದ, ದಿನ ತಳ್ಳಿದ, ಕಡೆಗೆ ಬಂದು ನಿಂತದ್ದು ಅಲ್ಲಿಗೆ. ಈ ಸುತ್ತುದಾರಿಯ ನೆನಪನ್ನೆಲ್ಲ ಕ್ರಿಯಾಪದವೊಂದೇ ಹೊತ್ತಿದೆ. 'ಅಕಬಾರ್ ಪೊರ್' ಕೂಡ ಬಹುಪಾಲು ಇದನ್ನೇ ಹೇಳುತ್ತದೆ. ಎರಡರ ನಡುವೆ ಕೂದಲು ಸೀಳುವ ಅಭ್ಯಾಸಗಳಿಂದ ಆರಂಭದ ಹಂತದಲ್ಲಿ ದೊಡ್ಡ ಲಾಭವಿಲ್ಲ. ಆ ಸಮಯವನ್ನು ಈ ರೂಪದ ದನಿಗೆ ಕೊಡಬೇಕು. ಸುಮ್ಮನೆ 'ಮಾರಿದ' ಎನ್ನುವುದು ವರದಿ. 'ಅಕಬೋ' ಸೇರಿದಾಗ ಅದು ಕಥೆಯಾಗುತ್ತದೆ, ಕೆಲವೊಮ್ಮೆ ತೀರ್ಪೂ ಆಗುತ್ತದೆ.

ಇಲ್ಲಿ ಕನ್ನಡಿಗರ ಕೈಯಲ್ಲೊಂದು ಸಲಕರಣೆ ಇದ್ದೂ ಬಳಕೆಯಾಗುತ್ತಿಲ್ಲ. 'ಬಿಡು', 'ಹೋಗು' ಎಂಬ ಸಹಾಯಕ ಕ್ರಿಯಾಪದಗಳಿಂದ ನಾವು ದಿನಬೆಳಗಾದರೆ ಇಂಥ ಛಾಯೆಗಳನ್ನು ತರುತ್ತೇವೆ. 'ಸೆ ಮೆ ಅಕಬೋ ಲಾ ಲೆಚೆ' ಎಂಬುದನ್ನು ಇಂಗ್ಲಿಷ್ ಮೂಲಕ ಕಲಿತರೆ ವಾಕ್ಯ ತಲೆಕೆಳಗಾಗುತ್ತದೆ. ಅಲ್ಲಿ ಕರ್ತೃ ಮನುಷ್ಯ. ಸ್ಪ್ಯಾನಿಷ್‌ನಲ್ಲಿ ಮುಗಿದದ್ದು ಹಾಲು, ನಾನು ಅದರ ಪರಿಣಾಮ ಉಣ್ಣುವವನು ಮಾತ್ರ. 'ಹಾಲು ಮುಗಿದುಹೋಯ್ತು' ಎನ್ನುವ ಬಾಯಿಗೆ ಇದು ಹೊಸದಲ್ಲ. 'ಅಕಬಾರ್ ಕೊನ್' ಕೂಡ ಹಾಗೆಯೇ. ಹಸಿವನ್ನು ಕೊನೆಗಾಣಿಸುವುದಕ್ಕೂ ಒಬ್ಬನ ಕಥೆ ಮುಗಿಸುವುದಕ್ಕೂ ಸ್ಪ್ಯಾನಿಷ್‌ನಲ್ಲಿ ಅದೇ ಪ್ರಯೋಗ. ಕನ್ನಡದಲ್ಲೂ 'ಅವನನ್ನು ಮುಗಿಸಿಬಿಟ್ಟರು' ಎಂದರೆ ಏನೆಂದು ಯಾರೂ ಕೇಳುವುದಿಲ್ಲ.

ಈ ಎರಡು ರೂಪಗಳ ಅಂತರ ಬೀದಿಯಲ್ಲೇ ಕಾಣಿಸಿದ್ದು 2023ರಲ್ಲಿ. ಆಗಸ್ಟ್ 20ರಂದು ಸಿಡ್ನಿಯಲ್ಲಿ ಸ್ಪೇನ್ ಮಹಿಳೆಯರು ಫುಟ್‌ಬಾಲ್ ವಿಶ್ವಕಪ್ ಗೆದ್ದರು. ಪದಕ ಪ್ರದಾನದ ವೇಳೆ ಫೆಡರೇಷನ್ ಅಧ್ಯಕ್ಷ ಲೂಯಿಸ್ ರುಬಿಯಾಲೆಸ್ ಆಟಗಾರ್ತಿ ಜೆನಿ ಎರ್ಮೊಸೊ ಅವರ ತುಟಿಗೆ ಮುತ್ತಿಟ್ಟರು. ತಮ್ಮ ಒಪ್ಪಿಗೆ ಇರಲಿಲ್ಲ ಎಂದರು ಎರ್ಮೊಸೊ. ರಾಜೀನಾಮೆ ಕೊಡುವುದಿಲ್ಲವೆಂದು ಅಧ್ಯಕ್ಷರು ಹಟ ಹಿಡಿದಾಗ ಸಹ ಆಟಗಾರ್ತಿ ಆಲೆಕ್ಸಿಯಾ ಪುತೆಯಾಸ್ ಬರೆದದ್ದರಲ್ಲಿ 'ಸೆ ಅಕಬೋ' ಎಂಬ ಎರಡು ಪದಗಳಿದ್ದವು, ಅವೇ ಘೋಷಣೆಯಾದವು. 'ನಾವು ಇದನ್ನು ಕೊನೆಗಾಣಿಸುತ್ತೇವೆ' ಎನ್ನಲು 'ಅಕಬಾರ್ ಕೊನ್' ಇತ್ತು. ಅದರಲ್ಲಿ ಸಂಕಲ್ಪವಿದೆ, ಸೋಲಿನ ಸಾಧ್ಯತೆಯೂ ಇದೆ. 'ಸೆ ಅಕಬೋ' ಎಂದಾಗ ಕರ್ತೃವೇ ಇಲ್ಲ. ಕಾಲ ಮುಗಿದೇಹೋಗಿದೆ, ಚರ್ಚೆಗೆ ಜಾಗವಿಲ್ಲ. ಸೆಪ್ಟೆಂಬರ್ 10ಕ್ಕೆ ರುಬಿಯಾಲೆಸ್ ರಾಜೀನಾಮೆ ಪ್ರಕಟಿಸಿದರು. ವ್ಯಾಕರಣ ಪುಸ್ತಕದ 'ಸೆ' ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಾಗೆಂದು ಅಂಚಿನ ಚಿತ್ರವೊಂದೇ ಎಲ್ಲವನ್ನೂ ಬಿಡಿಸುವುದಿಲ್ಲ. 'ಅಕಬೋ ದೆ ಕಮರೇರೊ' ಎಂದರೆ 'ಕೊನೆಗೆ ಹೋಟೆಲ್ ಮಾಣಿಯಾದ'. ಇಲ್ಲಿಯೂ 'ದೆ' ಇದೆ, 'ಈಗ ತಾನೆ' ಇಲ್ಲ. ಇಂಥವನ್ನು ಬಾಯಿಪಾಠ ಮಾಡಲೇಬೇಕು. ದೇಶಭೇದವೂ ಇದೆ. ಅರ್ಜೆಂಟೀನಾ ಮುಂತಾದ ಕೆಲವು ಕಡೆ ಬರಿಯ 'ಅಕಬಾರ್'ಗೆ ಲೈಂಗಿಕ ಅರ್ಥ ಅಂಟಿಕೊಂಡಿರುವುದರಿಂದ ಅಲ್ಲಿ 'ಕೆಲಸ ಮುಗಿಸಿದೆ' ಎನ್ನಲು 'ತೆರ್ಮಿನಾರ್' ಬಳಸುವುದೇ ಕ್ಷೇಮ. 'ಅಕಾಬೊ ದೆ' ಎನ್ನುವುದಕ್ಕೆ ಮಾತ್ರ ಅಲ್ಲಿಯೂ ಯಾರೂ ನಗುವುದಿಲ್ಲ. ಸ್ಪೇನ್ ಕೇಂದ್ರಿತ ಪುಸ್ತಕಗಳು ಈ ಎಚ್ಚರಿಕೆಯನ್ನು ಕೊಡದೆ ಹೋದರೆ ಅದು ಸಂಕೋಚವಲ್ಲ, ಕರ್ತವ್ಯಲೋಪ.

ಒಟ್ಟಿನಲ್ಲಿ, ಈಗಿನ ಕ್ರಮದ ದೋಷ ತಪ್ಪು ಅರ್ಥ ಕೊಡುವುದಲ್ಲ. ಪ್ರತಿ ಅರ್ಥವೂ ಸರಿಯಾಗಿಯೇ ಇದೆ. ಅವುಗಳ ನೆಂಟಸ್ತನ ಹೇಳದಿರುವುದು ದೋಷ. 'ಅಕಬಾರ್ ದೆ'ಯನ್ನು ಮೊದಲು ಕಲಿಸಲಿ, ತಕರಾರಿಲ್ಲ. ಆ ಪಾಠದಲ್ಲೇ ಕಾಬೊ ಪರಿಚಯವೂ ಆಗಲಿ. ಕನ್ನಡಿಗರಿಗೆ ಕಲಿಸುವವರು ಉಳಿದ ರೂಪಗಳನ್ನು ಇಂಗ್ಲಿಷಿನ ಸುತ್ತುದಾರಿ ಬಿಟ್ಟು 'ಮಾರಿಯೇಬಿಟ್ಟ', 'ಮುಗಿದುಹೋಯ್ತು' ಎಂಬ ನೇರ ದಾರಿಯಲ್ಲಿ ಕರೆದೊಯ್ಯಲಿ. ಹಾಗಾದರೆ ಪಟ್ಟಿ ಚಿಕ್ಕದಾಗುತ್ತದೆ. ಪಟ್ಟಿಯಲ್ಲಿಲ್ಲದ ಆರನೆಯ ಬಳಕೆ ಎದುರಾದಾಗಲೂ ಕಲಿತವರು ಊಹಿಸಿ ಅರ್ಥ ಮಾಡಿಕೊಳ್ಳಬಲ್ಲರು. ಕ್ರಿಯಾಪದವೊಂದನ್ನು ಕಲಿಸಿದ್ದಕ್ಕೆ ಸಿಗಬೇಕಾದ ಫಲ ಅದೇ.