ಹಲ್ಮಿಡಿಯಿಂದ ಅಳೆದರೆ

1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿ ಎಂಬ ಸಣ್ಣ ಊರಿನಲ್ಲಿ, ವೀರಭದ್ರ ದೇವರ ಗುಡಿಯ ಮುಂದೆ ನಿಂತಿದ್ದ ಒಂದು ಕಲ್ಲನ್ನು ಡಾ. ಎಂ.ಎಚ್. ಕೃಷ್ಣ ಓದಿದರು. ಆಳೆತ್ತರವೂ ಇಲ್ಲದ ಕಂಬ, ಹದಿನಾರು ಸಾಲು ಬರಹ. ಯುದ್ಧದಲ್ಲಿ ಗೆದ್ದ ವಿಜ ಅರಸ ಎಂಬವನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿಯ ರಕ್ತ ತೊಳೆಯುವ ಗೌರವದ ಕೊಡುಗೆಯಾಗಿ, ಬಿಟ್ಟುಕೊಟ್ಟ ಸಂಗತಿ ಅದರಲ್ಲಿತ್ತು. ಕದಂಬ ಕಾಕುಸ್ಥನ ಹೆಸರಿತ್ತು. ಭಾಷೆ ಕನ್ನಡ. ಸುಮಾರು ಕ್ರಿ.ಶ. 450ರ ಕಾಲದ್ದೆಂದು ಕೃಷ್ಣ ನಿರ್ಣಯಿಸಿದರು. ಆ ಕಾಲದ ಬಗ್ಗೆ ಜಗಳ ಇಂದಿಗೂ ಮುಗಿದಿಲ್ಲ. ಆದರೆ 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಗುವ ಹೊತ್ತಿಗೆ ನಾವು ಮೊದಲು ಮುಂದಿಟ್ಟ ಪುರಾವೆಗಳಲ್ಲಿ ಈ ಕಲ್ಲೂ ಒಂದು.

ಈ ಕಥೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿವರವಿದೆ. ಕೃಷ್ಣ ಆಗ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದರು, ಅದರೊಂದಿಗೇ ಮೈಸೂರು ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕರೂ ಆಗಿದ್ದರು. ಇಲಾಖೆಯ ವಾರ್ಷಿಕ ವರದಿಗಳ ಮುಖಪುಟದಲ್ಲಿ ವಿಶ್ವವಿದ್ಯಾಲಯದ ಹೆಸರೇ ಇರುತ್ತಿತ್ತು. ತರಗತಿಯಲ್ಲಿ ಪಾಠ ಹೇಳುವವರೇ ಹೊಲದ ಬದುವಿನಲ್ಲಿ ಕಲ್ಲು ತೊಳೆದು, ಒದ್ದೆ ಕಾಗದವನ್ನು ಬ್ರಷ್ಷಿನಿಂದ ಅಕ್ಷರದ ಗುಳಿಗಳಿಗೆ ಒತ್ತಿ, ಮಸಿ ತಟ್ಟಿ ಪಡಿಯಚ್ಚು ತೆಗೆಸುವ ಕೆಲಸದ ಹೊಣೆಯನ್ನೂ ಹೊತ್ತಿದ್ದರು. ಒಂದು ಇತಿಹಾಸ ವಿಭಾಗದ ಸಾಧನೆಯನ್ನು ಅಳೆಯಬೇಕಾದರೆ ನಾನು ಈ ಕಲ್ಲಿನಿಂದಲೇ ಅಳೆಯುತ್ತೇನೆ. ಮೊದಲು ಯಾರಿಗೂ ಗೊತ್ತಿಲ್ಲದ ಯಾವ ಆಕರವನ್ನು ಆ ವಿಭಾಗ ಬೆಳಕಿಗೆ ತಂದಿತು? ಅದನ್ನು ಯಾರ ಕೈಗೆ ಕೊಟ್ಟಿತು? ವಿಚಾರಸಂಕಿರಣಗಳ ಸಂಖ್ಯೆ, ಪಿಎಚ್.ಡಿ. ಪದವಿಗಳ ಸಂಖ್ಯೆ ಆಮೇಲಿನ ಮಾತು.

ಮೈಸೂರಿನ ವಿಭಾಗಕ್ಕೆ ಹುಟ್ಟಿನಲ್ಲೇ ದೊಡ್ಡ ಆಸ್ತಿ ಸಿಕ್ಕಿತ್ತು. 1916ರಲ್ಲಿ ವಿಶ್ವವಿದ್ಯಾಲಯ ಶುರುವಾಗುವ ಹೊತ್ತಿಗೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳು ಅಚ್ಚಾಗಿದ್ದವು. ರೈಸ್ 1892ರಲ್ಲೇ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದ್ದರು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಕಂಡು 1909ರಲ್ಲಿ ಪ್ರಕಟಿಸಿದ್ದರು. ಆರ್. ನರಸಿಂಹಾಚಾರ್ಯರು ಊರೂರು ತಿರುಗಿ ಗುಡಿ, ಶಾಸನ, ಓಲೆಗರಿಗಳ ವಿವರ ಸಂಗ್ರಹಿಸುತ್ತಿದ್ದರು. ವಿಶ್ವವಿದ್ಯಾಲಯದ ಮೊದಲ ವರ್ಷಗಳಲ್ಲಿ ರಾಧಾಕುಮುದ ಮುಖರ್ಜಿಯವರಂಥ ವಿದ್ವಾಂಸರು ಇತಿಹಾಸ ಕಲಿಸಿ ಹೋದರು. ಬೇರೆ ಯಾವ ಊರಿನ ಇತಿಹಾಸ ವಿಭಾಗಕ್ಕೂ ಇಷ್ಟು ಆಕರ ಇಷ್ಟು ಹತ್ತಿರದಲ್ಲಿ ಇದ್ದಿರಲಾರದು.

ಕೃಷ್ಣ ಅವರು ಆ ಆಸ್ತಿಯನ್ನು ಕಾಯುತ್ತಾ ಕೂರಲಿಲ್ಲ. ಚಿತ್ರದುರ್ಗದ ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಅಗೆದರು. ಶಾತವಾಹನರ ನಾಣ್ಯಗಳು, ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಆಮೇಲೆ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನ ಇಸಿಲ ಎಂದು ಕರೆದ ಊರಿನ ನೆಲದಲ್ಲಿ, ಅಗೆದು ಪದರ ಪದರವಾಗಿ ಬೇರೆಬೇರೆ ಕಾಲದ ಜನವಸತಿಯನ್ನು ಗುರುತಿಸಿದರು. ಕಲ್ಲಿನ ಕೊಡಲಿ ಹಿಡಿದವರ ಕಾಲದಿಂದ ಮೌರ್ಯರವರೆಗೆ ಒಂದೇ ದಿಬ್ಬದಲ್ಲಿ ಮನುಷ್ಯರ ಬದುಕು ಮುಂದುವರಿದಿತ್ತು ಎಂಬುದನ್ನು ನಮ್ಮ ಸೀಮೆಯ ಮಣ್ಣಿನಿಂದಲೇ ಹೇಳಿದ ಮೊದಲಿಗರಲ್ಲಿ ಅವರು ಒಬ್ಬರು.

ಆದರೆ ಇವತ್ತು ಪಠ್ಯಪುಸ್ತಕ ತೆರೆದರೆ ಬ್ರಹ್ಮಗಿರಿ ಎಂದೊಡನೆ ಕಾಣುವ ಹೆಸರು ಮಾರ್ಟಿಮರ್ ವೀಲರ್. ಅವರು 1947ರಲ್ಲಿ ಅಲ್ಲಿ ಅಗೆದರು, ಅದೇ ವರ್ಷ ಕೃಷ್ಣ ತೀರಿಕೊಂಡರು. ಇದನ್ನು ಬರೀ ವಸಾಹತುಶಾಹಿಯ ಅನ್ಯಾಯ ಎಂದು ಬದಿಗಿಟ್ಟರೆ ವಿಮರ್ಶೆ ಆಗುವುದಿಲ್ಲ. ವೀಲರ್ ಪ್ರಕಟಿಸಿದ ಪದರಗಳ ನಕ್ಷೆ, ಮಡಕೆಗಳ ವರ್ಗೀಕರಣ, ಅರಿಕಮೇಡಿನ ಮಡಕೆಗಳ ಜೊತೆಗಿನ ಹೋಲಿಕೆ, ಇವುಗಳಿಗೆ ಸರಿಗಟ್ಟುವ ವಿವರ ಕೃಷ್ಣರ ವರದಿಗಳಲ್ಲಿಲ್ಲ. ಇನ್ನೊಬ್ಬರು ಪರೀಕ್ಷಿಸಿ ನೋಡಬಹುದಾದಷ್ಟು ವಿವರವನ್ನು ಬರೆದಿಟ್ಟವರ ಹೆಸರೇ ಉಳಿಯುತ್ತದೆ. ಹೀಗೆ ಉಳಿದದ್ದರಿಂದ ವೀಲರ್ ಹೇಳಿದ್ದೆಲ್ಲ ನಿಜ ಎಂದೂ ಅಲ್ಲ. ಕಲ್ಲಿನ ಕೊಡಲಿಯ ಜನರನ್ನು ಅವರು ಕ್ರಿ.ಪೂ. ಮೊದಲ ಸಹಸ್ರಮಾನಕ್ಕೆ ಇಟ್ಟರು. ಮುಂದೆ ದಕ್ಷಿಣದ ಬೇರೆ ನೆಲೆಗಳ ಇಂಗಾಲದ ಪರೀಕ್ಷೆಗಳು ಆ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದವು. ವೀಲರ್ ತಪ್ಪಿದ್ದು ಎಲ್ಲಿ ಎಂದು ತೋರಿಸಲು ಸಾಧ್ಯವಾದದ್ದೂ ಅವರ ವಿವರವಾದ ವರದಿಯಿಂದಲೇ.

ಚಂದ್ರವಳ್ಳಿಯ ಮಯೂರಶರ್ಮನ ಶಾಸನದ ವಿಷಯವೂ ಇಂಥದ್ದೇ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಪ್ರಾಕೃತದಲ್ಲಿ ಮೂರೇ ಸಾಲು, ಒಂದು ಕೆರೆಯ ಮಾತು. ತ್ರೈಕೂಟ, ಆಭೀರ, ಪಲ್ಲವ, ಶಕಸ್ಥಾನ, ಪುನ್ನಾಟ, ಮೌಖರಿ ಮುಂತಾದವರನ್ನು ಮಯೂರಶರ್ಮ ಗೆದ್ದನೆಂದು ಕೃಷ್ಣ ಓದಿದರು. ಬನವಾಸಿಯ ಅರಸನೊಬ್ಬ ಅರ್ಧ ಭಾರತವನ್ನೇ ಅಲುಗಾಡಿಸಿದ ಎಂಬ ಹೆಮ್ಮೆಯ ಚಿತ್ರ ಆ ಓದಿನಿಂದ ಹುಟ್ಟಿತು. ನಂತರದ ವಿದ್ವಾಂಸರು ಈ ಓದನ್ನು ಒಪ್ಪಲಿಲ್ಲ, ಸವೆದ ಅಕ್ಷರಗಳಲ್ಲಿ ಇಷ್ಟೊಂದು ಹೆಸರುಗಳು ಕಾಣುವುದಿಲ್ಲ ಎಂದರು. ಈ ಟೀಕೆಯೇ ಸರಿ ಎಂದು ನನಗನ್ನಿಸುತ್ತದೆ. ಆದರೂ ಗೆದ್ದ ದೇಶಗಳ ಪಟ್ಟಿ ಎಷ್ಟೋ ಗೈಡುಗಳಲ್ಲಿ, ಪರೀಕ್ಷೆಯ ಉತ್ತರಗಳಲ್ಲಿ ಇವತ್ತಿಗೂ ಹಾಗೇ ಉಳಿದಿದೆ. ತನ್ನ ಹಳೆಯ ಪ್ರಾಧ್ಯಾಪಕರ ಓದನ್ನು ತಾನೇ ಮುಂದೆ ನಿಂತು ತಿದ್ದಿ, ತಿದ್ದಿದ್ದನ್ನು ಶಾಲೆಯ ಮೇಷ್ಟ್ರವರೆಗೆ ತಲುಪಿಸುವುದು ವಿಭಾಗವೊಂದರ ಮುಖ್ಯ ಕೆಲಸಗಳಲ್ಲಿ ಒಂದಾಗಬೇಕು.

ಮೈಸೂರಿನ ಸಾಧನೆಗಳಲ್ಲಿ ನನಗೆ ತುಂಬ ಪ್ರಿಯವಾದದ್ದು ಉತ್ಖನನವಲ್ಲ, ಒಂದು ಪುಸ್ತಕ. ಮಹಾರಾಜ ಕಾಲೇಜಿನ ಎಸ್. ಶ್ರೀಕಂಠಶಾಸ್ತ್ರಿಗಳು 1940ರಲ್ಲಿ ಹೊರತಂದ 'ಸೋರ್ಸಸ್ ಆಫ್ ಕರ್ನಾಟಕ ಹಿಸ್ಟರಿ'ಯ ಮೊದಲ ಸಂಪುಟ. ಶಾಸನ, ಕಾವ್ಯ, ಪ್ರಶಸ್ತಿಗಳ ಮೂಲಪಾಠವನ್ನೇ ಕಾಲಕ್ರಮವಾಗಿ ಜೋಡಿಸಿ, ಇಗೋ ಆಕರ, ನೀನೇ ಓದಿ ನೋಡು ಎಂದು ವಿದ್ಯಾರ್ಥಿಯ ಮುಂದಿಟ್ಟ ಪುಸ್ತಕ ಅದು. ಪ್ರಾಧ್ಯಾಪಕರು ಹೇಳಿದ್ದನ್ನು ಬರೆದುಕೊಂಡು ಬಾಯಿಪಾಠ ಮಾಡುವ ರೂಢಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಶಾಸ್ತ್ರಿಗಳು ಅಷ್ಟಕ್ಕೇ ನಿಲ್ಲದೆ 'ಭಾರತೀಯ ಸಂಸ್ಕೃತಿ', 'ಹೊಯ್ಸಳ ವಾಸ್ತುಶಿಲ್ಪ'ಗಳಂಥ ಪುಸ್ತಕಗಳನ್ನು ಕನ್ನಡದಲ್ಲಿ ಬರೆದರು. ಸಂಶೋಧಕರು ಇಂಗ್ಲಿಷಿನಲ್ಲಿ ಬರೆದು ಹೊರಗಿನ ಮೆಚ್ಚುಗೆಗೆ ಕಾಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹಲ್ಮಿಡಿ ಕಲ್ಲಿನ ವಿಷಯ ಲೋಕಕ್ಕೆ ಗೊತ್ತಾದದ್ದೂ ಇಂಗ್ಲಿಷ್ ವರದಿಯ ಮೂಲಕವೇ ಎಂಬುದನ್ನು ನೆನೆದರೆ ಶಾಸ್ತ್ರಿಗಳ ಕನ್ನಡ ಬರವಣಿಗೆಯ ಬೆಲೆ ತಿಳಿಯುತ್ತದೆ.

ಸ್ವಾತಂತ್ರ್ಯದ ನಂತರವೂ ಒಳ್ಳೆಯ ದಿನಗಳಿದ್ದವು. 1952ರಿಂದ ಕೆಲವು ವರ್ಷ ಕೆ.ಎ. ನೀಲಕಂಠಶಾಸ್ತ್ರಿಗಳು ಮೈಸೂರಿನಲ್ಲಿದ್ದರು. ಎಂ. ಶೇಷಾದ್ರಿಯವರು ಕಾವೇರಿ–ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿ 1959ರಿಂದಾಚೆಗೆ ಅಗೆದು ನವಶಿಲಾಯುಗದ ಜನರ ನೆಲೆಯನ್ನು ತೆರೆದರು. ಹೂತ ಶವದ ಜೊತೆಗೆ ಸುಟ್ಟ ಮಣ್ಣಿನ ತಲೆದಿಂಬನ್ನು ಇಟ್ಟಿದ್ದ ಆ ಜನರ ಬಗ್ಗೆ ಓದುವಾಗ, ಸಾವಿರಾರು ವರ್ಷದಾಚೆಯ ಯಾರೋ ತಮ್ಮವರ ತಲೆ ನೋಯದಿರಲಿ ಎಂದುಕೊಂಡರಲ್ಲ ಎಂದು ಮನಸ್ಸು ಒಮ್ಮೆ ನಿಲ್ಲುತ್ತದೆ. ಈ ಉತ್ಖನನದ ಪೂರ್ಣ ವರದಿ 1971ರಲ್ಲಿ ಪುಸ್ತಕವಾಗಿ ಬಂತು. ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ಗಂಗರ ಬಗ್ಗೆ, ಟಿಪ್ಪುವಿನ ಬಗ್ಗೆ ಬರೆದ ಬಿ. ಷೇಕ್ ಅಲಿ ಮಂಗಳೂರು ಮತ್ತು ಗೋವಾ ವಿಶ್ವವಿದ್ಯಾಲಯಗಳ ಮೊದಲ ಕುಲಪತಿಗಳಾದರು.

ಈ ಹೆಸರುಗಳನ್ನು ಹೇಳಿ ಹೆಮ್ಮೆಪಡುವಾಗಲೇ ಒಂದು ಪ್ರಶ್ನೆ ಕಾಡುತ್ತದೆ. ಶಾಸನಗಳನ್ನು ಹಿಡಿದು ಹಳೆಗಾಲದ ಜನರ ಬದುಕನ್ನು ಕಟ್ಟಿಕೊಟ್ಟ ಅತಿ ಮುಖ್ಯ ಕೃತಿ ಇತಿಹಾಸ ವಿಭಾಗದಿಂದ ಬರಲಿಲ್ಲ. ಅದು ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ', 1966ರದ್ದು, ಬರೆದವರು ಕನ್ನಡದ ಅಧ್ಯಾಪಕರು. ವೀರಗಲ್ಲು, ಮಾಸ್ತಿಕಲ್ಲು, ಅಗ್ರಹಾರ, ಸಂತೆ, ವಿದ್ಯೆ, ಧರ್ಮ, ದಾನ, ಹೀಗೆ ಅರಸರಾಚೆಗಿನ ಬದುಕು ಅಲ್ಲಿ ಎದ್ದು ನಿಲ್ಲುತ್ತದೆ. ಎಪಿಗ್ರಾಫಿಯಾ ಕರ್ನಾಟಿಕವನ್ನು ಪರಿಷ್ಕರಿಸಿ 1972ರಿಂದ ಮತ್ತೆ ಪ್ರಕಟಿಸತೊಡಗಿದ್ದೂ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ. ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳನ್ನು ಸಂಪಾದಿಸಿಕೊಟ್ಟವರು ಧಾರವಾಡದ ಎಂ.ಎಂ. ಕಲಬುರ್ಗಿ, ಅವರೂ ಕನ್ನಡದವರೇ. ಹಳಗನ್ನಡ ಬಲ್ಲವರು ಆಕರದ ಹತ್ತಿರ ಹೋದರು. ಇತಿಹಾಸದವರಲ್ಲಿ ಬಹುಪಾಲು ಜನ ರಾಜವಂಶ, ಯುದ್ಧ, ಆಡಳಿತ, ಸಮಾಜ, ಕಲೆ ಎಂಬ ಐದು ಅಧ್ಯಾಯಗಳ ಅಚ್ಚಿನಲ್ಲಿ ಉಳಿದುಬಿಟ್ಟರು. ಆ ಅಚ್ಚಿನಲ್ಲಿ ಯಾವ ತಾಲ್ಲೂಕನ್ನು ಹಾಕಿದರೂ ಒಂದೇ ಆಕಾರದ ಪ್ರಬಂಧ ಹೊರಬರುತ್ತದೆ.

ಇದಕ್ಕೆ ಒಬ್ಬರನ್ನು ದೂರಿ ಪ್ರಯೋಜನವಿಲ್ಲ. ಇತಿಹಾಸಕ್ಕೊಂದು ವಿಭಾಗ, ಪ್ರಾಚೀನ ಇತಿಹಾಸ ಮತ್ತು ಪುರಾತತ್ವಕ್ಕೆ ಇನ್ನೊಂದು ವಿಭಾಗ ಎಂದು ಮನೆ ಪಾಲಾಯಿತು. ಕೃಷ್ಣ ಒಬ್ಬರಲ್ಲೇ ಕೂಡಿದ್ದ ಪಾಠ ಮತ್ತು ಗುದ್ದಲಿ ಬೇರೆಬೇರೆ ಕೋಣೆ ಸೇರಿದವು. 2010ರಿಂದ ಯುಜಿಸಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿ ತಂದಿತು. ಪ್ರಬಂಧಕ್ಕೆ ಇಷ್ಟು, ಸಂಕಿರಣಕ್ಕೆ ಇಷ್ಟು ಎಂದು ಲೆಕ್ಕ ಬರೆಯುವ ಕಾಲಂಗಳಲ್ಲಿ, ಊರಾಚೆಯ ಹುಣಸೆಮರದ ಕೆಳಗೆ ಮೂರು ದಿನ ಕೂತು ಸವೆದ ವೀರಗಲ್ಲನ್ನು ಓದಿದ್ದಕ್ಕೆ ಜಾಗವಿಲ್ಲ. ಪಟ್ಟಿ ಬೆಳೆಯುತ್ತಾ ಹೋಗುತ್ತದೆ, ಕಲ್ಲು ಮಾತ್ರ ಅಲ್ಲೇ ಮಳೆಗೆ ಸವೆಯುತ್ತದೆ.

ಮೈಸೂರಿನಲ್ಲಿ ಇವತ್ತಿಗೂ ಆಕರಕ್ಕೆ ಕೊರತೆಯಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನಶಾಖೆಯ ಕೇಂದ್ರ ಕಚೇರಿ ಇದೇ ಊರಲ್ಲಿದೆ. ಅರಸರ ಕಾಲದ ಆಡಳಿತದ ಕಡತಗಳಿವೆ, ಮೋಡಿ ಲಿಪಿಯ ಕಾಗದಪತ್ರಗಳಿವೆ. ಕೆರೆ ನೀರಿನ ವ್ಯಾಜ್ಯ, ಕಂದಾಯದ ತಕರಾರು, ಹೊಲಗೇರಿಯ ಅರ್ಜಿ, ಗಿರಣಿ ಕೂಲಿಕಾರರ ಮುಷ್ಕರ, ಇವುಗಳ ಚರಿತ್ರೆ ಹೊರಬರಬೇಕಾದದ್ದು ಇಂಥ ಕಡತಗಳಿಂದಲೇ. ಎಂ.ಎ. ಇತಿಹಾಸ ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಹಳಗನ್ನಡ ಲಿಪಿಯನ್ನೋ ಮೋಡಿಯನ್ನೋ ಒಂದು ವರ್ಷ ಕಡ್ಡಾಯವಾಗಿ ಕಲಿಸಬೇಕು, ಅದಕ್ಕಾಗಿ ಎರಡು ಸಿದ್ಧಾಂತದ ಪತ್ರಿಕೆಗಳನ್ನು ಕೈಬಿಟ್ಟರೂ ಚಿಂತೆಯಿಲ್ಲ. ಒಂದು ಕಲ್ಲನ್ನಾದರೂ ತಾನೇ ಓದಿ ಬರೆದ ಇಪ್ಪತ್ತು ಪುಟದ ಪ್ರಬಂಧ, ಇನ್ನೊಬ್ಬರ ಪುಸ್ತಕಗಳಿಂದ ಹೆಣೆದ ಮುನ್ನೂರು ಪುಟಗಳಿಗಿಂತ ಹೆಚ್ಚಿನ ಸಾಧನೆ ಎಂದು ಪರೀಕ್ಷಕರು ಒಪ್ಪಬೇಕು. ಮೊದಲ ಕೆಲಸವಾಗಿ ಚಂದ್ರವಳ್ಳಿಯ ಆ ಮೂರು ಸಾಲನ್ನು ಹೊಸ ಛಾಯಾಗ್ರಹಣ ತಂತ್ರದಿಂದ ಮತ್ತೆ ಓದಲಿ. ಓರೆಯಾಗಿ ಬೆಳಕು ಬಿಟ್ಟರೆ ಸವೆದ ಗೆರೆಯೂ ನೆರಳು ಚೆಲ್ಲುತ್ತದೆ. ಪ್ರತಿ ಅಕ್ಷರದ ಚಿತ್ರವನ್ನೂ, ಅನುಮಾನವಿರುವ ಕಡೆ ಅನುಮಾನವನ್ನೂ ಸೇರಿಸಿ ಕನ್ನಡದಲ್ಲಿ ಅಚ್ಚು ಮಾಡಿ, ಚಿತ್ರದುರ್ಗದ ಶಾಲೆಗಳಿಗೆ ಕಳಿಸಿಕೊಡಲಿ.