ಮಲೆಯೂರಿನ ದೇವಚಂದ್ರ: ಸಾಕ್ಷಿಯೋ, ಊರ ಕವಿಯೋ?

ಚಂದ್ರಗುಪ್ತ ಮೌರ್ಯ ಶ್ರವಣಬೆಳಗೊಳಕ್ಕೆ ಬಂದಿದ್ದ ಅನ್ನೋದಕ್ಕೆ ಆಧಾರ ಏನು ಅಂತ ಕೇಳಿದರೆ, ನಮ್ಮ ಇತಿಹಾಸಾಸಕ್ತರ ಗುಂಪುಗಳಲ್ಲಿ ಥಟ್ಟನೆ ಬರುವ ಉತ್ತರ ಒಂದೇ: ‘ರಾಜಾವಳಿ ಕಥೆಯಲ್ಲಿ ಇದೆಯಲ್ಲ!’ ಅದಕ್ಕೆ ಮರುಕ್ಷಣವೇ ಎದುರುತ್ತರ: ‘ಅದು ಹತ್ತೊಂಬತ್ತನೇ ಶತಮಾನದ ಕಟ್ಟುಕತೆ, ಬಿಡಿ.’ ಎರಡೂ ಕಡೆಯವರು ಆ ಕವಿಯನ್ನು ಓದಿಲ್ಲ ಅನ್ನೋದು ನನ್ನ ತಕರಾರು.

ಕವಿಯ ಹೆಸರು ದೇವಚಂದ್ರ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನವನು, ಅಂದರೆ ಕನಕಗಿರಿಯ ಬುಡದವನು. ಆ ಬೆಟ್ಟದ ಶಾಸನಗಳು ರೈಸ್ 1898ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೇ ಸಂಪುಟದಲ್ಲಿವೆ. 1422ರ ಒಂದು ಶಾಸನ ಮಲೆಯೂರನ್ನು ಬೆಟ್ಟದ ವಿಜಯದೇವರಿಗೆ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ದೇವಚಂದ್ರ ಹುಟ್ಟಿ ಬೆಳೆದದ್ದು ಇಂಥ ಕಲ್ಲುಗಳ ನಡುವೆ. ಟಿಪ್ಪು ಪತನವಾದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಬಂದ ಕಾಲಿನ್ ಮೆಕೆಂಜಿ, 1804ರಲ್ಲಿ ಕನಕಗಿರಿಯ ಸ್ಥಳಪುರಾಣ ವಿಚಾರಿಸಿದಾಗ ಹೇಳಿದವನು ಇವನೇ. ಮುಂದೆ 1838ರಲ್ಲಿ ಮೈಸೂರು ಅರಮನೆಯ ದೇವೀರಮ್ಮಣ್ಣಿಯವರಿಗಾಗಿ ‘ರಾಜಾವಳಿ ಕಥೆ’ಯನ್ನು ಸಿದ್ಧಪಡಿಸಿದ.

ಈಗ ಶ್ರವಣಬೆಳಗೊಳದ ಕಲ್ಲಿಗೆ ಬರೋಣ. ಚಿಕ್ಕಬೆಟ್ಟದ ಒಂದನೇ ನಂಬರಿನ ಶಾಸನ ಸುಮಾರು ಕ್ರಿ.ಶ. 600ರದು. ಉಜ್ಜಯಿನಿಯಲ್ಲಿ ಭದ್ರಬಾಹು ಹನ್ನೆರಡು ವರ್ಷದ ಕ್ಷಾಮ ಬರುತ್ತೆ ಅಂತ ಮುನ್ನುಡಿದದ್ದು, ಸಂಘ ದಕ್ಷಿಣಕ್ಕೆ ಹೊರಟದ್ದು, ಪ್ರಭಾಚಂದ್ರ ಎಂಬ ಆಚಾರ್ಯ ಕಟವಪ್ರದಲ್ಲಿ ದೇಹ ಬಿಟ್ಟದ್ದು ಅದರಲ್ಲಿದೆ. ಚಂದ್ರಗುಪ್ತನ ಹೆಸರಿಲ್ಲ. 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದ ರೈಸ್, ಪ್ರಭಾಚಂದ್ರನೇ ಚಂದ್ರಗುಪ್ತ ಅಂದರು. ಆ ಜೋಡಣೆಗೆ ಅವರು ಆತುಕೊಂಡ ಗ್ರಂಥಗಳಲ್ಲಿ ರಾಜಾವಳಿ ಕಥೆ ಮುಖ್ಯವಾದದ್ದು. ಫ್ಲೀಟ್ ಇದನ್ನು ಒಪ್ಪಲಿಲ್ಲ. ಶಾಸನದಲ್ಲಿ ಸಂಘಕ್ಕೆ ಭವಿಷ್ಯ ಹೇಳುವ ಭದ್ರಬಾಹು ಬೇರೆ, ಶ್ರುತಕೇವಲಿ ಭದ್ರಬಾಹು ಬೇರೆ ಎಂದರು. ಇಷ್ಟು ಈಚಿನ ಗ್ರಂಥ ಅಷ್ಟು ಹಿಂದಿನ ಕಾಲಕ್ಕೆ ಪ್ರಮಾಣವಾಗದು ಎಂದೂ ವಾದಿಸಿದರು.

ತಮಾಷೆ ಏನು ಗೊತ್ತಾ? ದೇವಚಂದ್ರನ ಕಥೆಯಲ್ಲಿ ಭದ್ರಬಾಹುವಿನ ಹಿಂದೆ ಹೊರಟ ಚಂದ್ರಗುಪ್ತ ಅಶೋಕನ ತಾತನಲ್ಲ. ಕುಣಾಲನ ಮಗ, ಅಂದರೆ ಅಶೋಕನ ಮೊಮ್ಮಗ. ಮೌರ್ಯ ಸಾಮ್ರಾಜ್ಯ ಕಟ್ಟಿದವನೇ ಬಂದ ಅನ್ನೋದಕ್ಕೆ ಈ ಪುಸ್ತಕವನ್ನು ಸಾಕ್ಷಿಗೆ ಕರೆಯುವವರು ಒಮ್ಮೆ ಪುಟ ತಿರುವಬೇಕಿತ್ತು.

ಹಾಗಂತ ಎಲ್ಲಾ ಅವನೇ ಹುಟ್ಟಿಸಿದ್ದು ಅನ್ನುವವರೂ ತಪ್ಪುತ್ತಾರೆ. ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಯ ಜೋಡಿ ಹೆಸರು ಚಿಕ್ಕಬೆಟ್ಟದಲ್ಲೇ ಏಳನೇ ಶತಮಾನದ ಹೊತ್ತಿಗೆ ಕಲ್ಲಿನ ಮೇಲಿದೆ. ಸುಮಾರು 900ರ ಶ್ರೀರಂಗಪಟ್ಟಣ ತಾಲ್ಲೂಕಿನ ಎರಡು ಶಾಸನಗಳು ಅವರಿಬ್ಬರ ಪಾದದ ಗುರುತಿರುವ ಬೆಟ್ಟ ಎಂದೇ ಅದನ್ನು ಬಣ್ಣಿಸುತ್ತವೆ. ಸಾವಿರ ವರ್ಷದಿಂದ ಜನರ ಬಾಯಲ್ಲಿದ್ದ ನೆನಪು ದೇವಚಂದ್ರನ ಕೈಗೆ ಬಂತು. ಅದಕ್ಕೆ ವಂಶಾವಳಿ, ಕನಸು, ಊರು, ಹೆಸರುಗಳೆಲ್ಲ ಅವನವರೆಗಿನ ಪರಂಪರೆಯಲ್ಲಿ ಸೇರಿಕೊಂಡಿದ್ದವು. ಅದನ್ನು ಅವನು ಒಟ್ಟಿಗೆ ಕಟ್ಟಿಟ್ಟ.

ಊರ ಕವಿಯ ಕೆಲಸವೇ ಅದು. ಆಸ್ಥಾನಕವಿಯ ಕೆಲಸ ಬೇರೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಬಂಡೀಪುರದ ದಾರಿಯೇ ಸಾಕು. ಗುಂಡ್ಲುಪೇಟೆ ದಾಟಿದರೆ ಹಂಗಳ ಸಿಗುತ್ತೆ. ಪಟ್ಟಕ್ಕೆ ಬರುವ ಮೊದಲು ಚಿಕ್ಕದೇವರಾಜನನ್ನು ಇರಿಸಿದ್ದ ಊರು ಅದು. ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತ ಅಲ್ಲಿ ಅವನ ಜೊತೆಗಿದ್ದ. 1673ರಲ್ಲಿ ರಾಜನಾದ ಮೇಲೆ ಪಂಡಿತನೇ ಮಂತ್ರಿಯಾದ, ಕೊನೆಗೆ ಕೊಲೆಯಾದ. ಆ ಸ್ಥಾನಕ್ಕೆ ಬಂದವನು ಕವಿ ತಿರುಮಲಾರ್ಯ. ಆಸ್ಥಾನದ ಕಾವ್ಯಗಳಲ್ಲಿ ನಮಗೆ ಸಿಗುವ ಚಿಕ್ಕದೇವರಾಜ ಅಪ್ರತಿಮವೀರ, ಪರಮ ವೈಷ್ಣವ. ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯ ಕಟ್ಟಿಸಿದವನೂ ಅವನೇ. ಅದೆಲ್ಲ ಸುಳ್ಳಲ್ಲ. ಆದರೆ ಕಂದಾಯದ ಹೊರೆಗೆ ರೈತರು ಎದ್ದದ್ದು, ಜಂಗಮರನ್ನು ಕೊಲ್ಲಿಸಿದ್ದು ಆ ಹೊಗಳಿಕೆಯಲ್ಲಿ ಇಲ್ಲ. ಅದನ್ನು ವಿಲ್ಕ್ಸ್ ಇಂಗ್ಲಿಷಿನಲ್ಲಿ, ದೇವಚಂದ್ರ ಕನ್ನಡದಲ್ಲಿ ಬರೆದಿಟ್ಟರು. ಅದೂ ದೇವಚಂದ್ರ ಬರೆದದ್ದು ಅದೇ ಅರಮನೆಯ ಹೆಣ್ಣುಮಗಳಿಗೆ!

ದೇವಚಂದ್ರ ನಿಷ್ಪಕ್ಷಪಾತಿಯೇನಲ್ಲ. ಕೊಲೆಯಾದ ಮಂತ್ರಿ ಅವನ ಮತದವನು. ವೀರಶೈವರ ಬಗ್ಗೆ ಅವನು ಹೇಳುವ ಕಥೆಗಳಲ್ಲಿ ಹಗೆತನ ಎದ್ದು ಕಾಣುತ್ತೆ. ಇವತ್ತು ಓದಿದರೆ ಮುಜುಗರವಾಗುವ ಭಾಗಗಳಿವೆ. ಪುಸ್ತಕದ ಗೆರೆಗಳನ್ನು ಹಾಗೇ ಎತ್ತಿ ಹಂಚಿಕೊಂಡರೆ ಇನ್ನೂರು ವರ್ಷದ ಹಳೆಯ ಜಗಳವನ್ನು ಇವತ್ತಿನ ಬೀದಿಗೆ ತಂದಂತೆ. ಇದು ಬರೀ ವಿದ್ವಾಂಸರ ತಲೆನೋವಲ್ಲ.

ಹಾಗಾದರೆ ಅವನನ್ನು ಹೇಗೆ ಓದೋದು? ಅವನು ಬರೆದ ಕಾಲವನ್ನು ಮುಂದಿಟ್ಟುಕೊಂಡು. 1831ರಲ್ಲೇ ಆಡಳಿತ ಬ್ರಿಟಿಷರ ಕೈ ಸೇರಿತ್ತು. ಅರಮನೆಗೆ ಉಳಿದದ್ದು ವಂಶದ ಕಥೆ. ಕನಕಗಿರಿಯ ಸಣ್ಣ ಜೈನ ಸಮುದಾಯಕ್ಕೂ ಅಷ್ಟೇ. ಆ ಹೊತ್ತಿಗೆ ತನ್ನ ಬೆಟ್ಟ, ತನ್ನ ಗುರುಪರಂಪರೆ, ತನ್ನ ಸೀಮೆಯ ಪಾಳೆಯಗಾರರು, ಮೈಸೂರು ದೊರೆಗಳು, ಎಲ್ಲರನ್ನೂ ಒಂದೇ ದಾರಕ್ಕೆ ಪೋಣಿಸಿ ‘ನಾವೂ ಈ ನಾಡಿನ ಕಥೆಯಲ್ಲಿ ಇದ್ದೀವಿ’ ಅಂತ ಹೇಳಿದವನು ದೇವಚಂದ್ರ. ಮೌರ್ಯರ ಕಾಲಕ್ಕೆ ಅವನು ದುರ್ಬಲ ಸಾಕ್ಷಿ. 1838ರ ಚಾಮರಾಜನಗರ ಸೀಮೆಯ ಜೈನರು ಏನನ್ನು ನೆನಪಿಟ್ಟುಕೊಂಡಿದ್ದರು, ಯಾರ ಮೇಲೆ ಮುನಿದಿದ್ದರು ಅನ್ನೋದಕ್ಕೆ ಅವನಷ್ಟು ಒಳ್ಳೆಯ ಸಾಕ್ಷಿ ಸಿಗೋದು ಕಷ್ಟ. ರೈಸ್ ಅವನಿಗೆ ಮೊದಲ ಪ್ರಶ್ನೆ ಕೇಳಿದರು, ಫ್ಲೀಟ್ ಉತ್ತರ ತಪ್ಪು ಅಂದರು. ಎರಡನೇ ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ.

ನಮ್ಮ ಓದುಗರಲ್ಲಿ ಒಂದು ಕೋರಿಕೆ. ರಾಜಾವಳಿ ಕಥೆಯನ್ನು ಉಲ್ಲೇಖಿಸುವಾಗ ಪಕ್ಕದಲ್ಲಿ 1838 ಅಂತ ತಪ್ಪದೆ ಬರೆಯಿರಿ. ಶಾಸನದ ಮಾತನ್ನೂ ಕವಿಯ ಮಾತನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ. ಮುಂದಿನ ಸಲ ಬಂಡೀಪುರಕ್ಕೆ ಹೋದಾಗ ಒಂದು ದಿನ ಉಳಿಸಿಕೊಂಡು ಕನಕಗಿರಿ ಹತ್ತಿ. ಮೊದಲು ಕಲ್ಲುಗಳನ್ನು ನೋಡಿ, ಕೆಳಗಿಳಿದು ಬಂದ ಮೇಲೆ ದೇವಚಂದ್ರನನ್ನು ಓದಿ. ಕಲ್ಲು ಎಲ್ಲಿ ಸುಮ್ಮನಾಗುತ್ತೆ, ಅವನು ಎಲ್ಲಿಂದ ಮಾತು ಶುರು ಮಾಡ್ತಾನೆ ಅನ್ನೋದು ಆಗ ತಾನಾಗಿ ಗೊತ್ತಾಗುತ್ತೆ.