ಮಗನ ಹೆಸರಿನ ಹಾಡು

ಕಳೆದ ವರ್ಷ ಮಗನ ಹುಟ್ಟುಹಬ್ಬಕ್ಕೆ ನಾನೊಂದು ಹಾಡು ಮಾಡಿಸಿದೆ. ಬರೆದೆ ಎನ್ನಲಾರೆ, ಹಾಡಿದೆ ಎಂದೂ ಎನ್ನಲಾರೆ. ಅಂಗಿ ಹೊಲಿಸಿದ ಹಾಗೆ ಮಾಡಿಸಿದೆ. ನಮ್ಮ ಶಾಲೆಯ ಕಿರಿಯ ಶಿಕ್ಷಕಿಯೊಬ್ಬಳು ತನ್ನ ಮೊಬೈಲಿನಲ್ಲಿ ಅಂಥದೊಂದು ಆ್ಯಪ್ ತೋರಿಸಿದಳು. ಹೆಸರು, ವಯಸ್ಸು, ನೌಕರಿ, ಮೆಚ್ಚಿನ ತಿನಿಸು, ಮರೆಯಲಾಗದ ಒಂದು ನೆನಪು, ಇಷ್ಟನ್ನು ತುಂಬಿದರೆ ಕೃತಕ ಬುದ್ಧಿಮತ್ತೆಯೇ ಪದ ಕಟ್ಟಿ, ರಾಗ ಹಾಕಿ, ಹಾಡಿಯೂ ಕೊಡುತ್ತದೆ. "ಒಂದು ಚಹಾ ಕುಡಿಯೋದರಾಗ ಬರ್ತದರೀ ಟೀಚರ್" ಎಂದಳು. ಚಹಾ ಆರುವ ಮೊದಲೇ ಬಂತು.

ಹಾಡು ಕೆಟ್ಟದ್ದೇನಲ್ಲ. ಕೊಳಲು, ತಬಲಾ, ಇಂಪಾದ ಹೆಣ್ಣು ದನಿ, ಎಲ್ಲಿಯೂ ಶ್ರುತಿ ತಪ್ಪಿಲ್ಲ. ಆ ಸಂಜೆ ಸ್ಟಾಫ್ ರೂಮಿನಲ್ಲಿ ಅದನ್ನು ಮೂರು ಸಲ ಕೇಳಿ ಕಣ್ಣೊರೆಸಿಕೊಂಡವಳು ನಾನೇ. ಆದರೆ ಉತ್ತರಪತ್ರಿಕೆ ತಿದ್ದಿ ತಿದ್ದಿ ರೂಢಿಯಾದ ಕಣ್ಣು ನೋಡಿ, ನಾಲ್ಕನೆಯ ಸಲ ಕೇಳುವಾಗ ತಾನಾಗಿ ಕೆಂಪು ಮಸಿಯ ಪೆನ್ನು ಹುಡುಕಿತು. 'ಕನಸು' ನಾಲ್ಕು ಸಲ, 'ಹೆಮ್ಮೆ' ಮೂರು ಸಲ, 'ಬೆಳಕು' ಎರಡು ಸಲ. ನನ್ನ ಮಗನ ಹೆಸರು ಮಲ್ಲಿಕಾರ್ಜುನ. ಆ ದನಿ ಅದನ್ನು 'ಮಲ್ಲಿಕ್' ಎಂದು ಒಡೆದು, ಉಸಿರು ತೆಗೆದುಕೊಂಡು, 'ಅರ್ಜುನ್' ಎಂದಿತು. ಇಬ್ಬರು ಹುಡುಗರಿಗೆ ಒಟ್ಟಿಗೆ ಶುಭ ಹಾರೈಸಿದಂತಾಯಿತು! ಒಂದು ಪರೀಕ್ಷೆಯನ್ನೂ ಮಾಡಿದೆ. ಪಕ್ಕದ ಮನೆಯವರ ಮಗನ ಹೆಸರಿಟ್ಟು ಅದನ್ನೇ ಗುನುಗಿದೆ. ಹಾಡಿಗೆ ಏನೂ ಆಗಲಿಲ್ಲ. ಒಂದು ಪದವೂ ಮಿಸುಕಲಿಲ್ಲ.

ಹೆಸರಿಟ್ಟು ಹಾಡುವುದು ನಮಗೆ ಹೊಸದಲ್ಲವಷ್ಟೆ. ನಮ್ಮ ಕಡೆ ಮದುವೆಯಲ್ಲಿ ಗಂಡನ ಹೆಸರು ಹೇಳಲು ಒಡಪು ಬೇಕು. ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ಅದಿಲ್ಲದೆ ಒಳಗೆ ಬಿಡುವುದಿಲ್ಲ. ತೊಟ್ಟಿಲಿಗೆ ಹಾಕುವ ದಿನದ ಹಾಡುಗಳಲ್ಲಿ ಕೂಸಿನ ಹೆಸರಿಗೊಂದು ಜಾಗ ಇದ್ದೇ ಇರುತ್ತದೆ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದಾಗ ಅಚ್ಚಿಗೆ ಬಂದದ್ದು ಇಂಥ ಬೀಸುವ, ತೂಗುವ ಹೆಂಗಸರ ತ್ರಿಪದಿಗಳೇ.

ಈ ತ್ರಿಪದಿಯನ್ನು ನಾನು ವರ್ಷಾ ವರ್ಷಾ ಕಪ್ಪು ಹಲಗೆಯ ಮೇಲೆ ಬರೆದು ಕಲಿಸಿದ್ದೇನೆ. ಒಟ್ಟು 11 ಗಣ, ಅದರಲ್ಲಿ 6 ಮತ್ತು 10ನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಮಕ್ಕಳು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ, ಮರೆಯುತ್ತಾರೆ. ಅದರ ಗುಟ್ಟು ಇರುವುದು ಎರಡನೆಯ ಅಕ್ಷರದ ಪ್ರಾಸದಲ್ಲಿ. ಶಾಲೆಯ ಮೆಟ್ಟಿಲು ಹತ್ತದ ನಮ್ಮವ್ವನಿಗೆ ಅದು ಗೊತ್ತಿತ್ತು. ಅವಳು ಮೊಮ್ಮಗನನ್ನು 'ಮಲ್ಲಣ್ಣ' ಎಂದು ಸಾಲಿನ ತಲೆಗೆ ಇಡುತ್ತಿದ್ದಳು. ಇಟ್ಟದ್ದೇ ತಡ, 'ಲ್ಲ' ಎಂಬ ಅಕ್ಷರ ತನ್ನ ಬಳಗವನ್ನೆಲ್ಲ ಕರೆಯುತ್ತಿತ್ತು. ಬೆಲ್ಲ ಬರುತ್ತಿತ್ತು, ಆಗತಾನೆ ಮೂಡಿದ ಹಲ್ಲು ಬರುತ್ತಿತ್ತು, ಎತ್ತಿನ ಮುಂದಿನ ಹುಲ್ಲು, ಅಂಗಳದ ಕಲ್ಲು, ಮಲ್ಲಿಗೆ, ಎಲ್ಲ ಬರುತ್ತಿದ್ದವು. ಅಲ್ಲಿ ಹೆಸರು ಚೀಟಿಯ ಹಾಗೆ ಅಂಟಿಸಿದ್ದಲ್ಲ, ಹಾಡನ್ನು ಎಳೆಯುವ ಎತ್ತೇ ಅದು. ಪಕ್ಕದ ಮನೆಯ ಹುಡುಗನ ಹೆಸರಿಟ್ಟರೆ ಬೆಲ್ಲವೂ ಹೋಯಿತು, ಹಲ್ಲೂ ಹೋಯಿತು, ಬೇರೆಯದೇ ಹಾಡು ಕಟ್ಟಬೇಕು.

ಮಗ ಪುಣೆಯಲ್ಲಿದ್ದಾನೆ. ಕಳಿಸಿದ ಹಾಡು ಕೇಳಿ "ಚಲೋ ಐತವ್ವಾ" ಎಂದ. ಅವನು ಚಿಕ್ಕಂದಿನಿಂದ ಹೀಗೆಯೇ, ಉಪ್ಪಿಟ್ಟಿಗೆ ಉಪ್ಪು ಮರೆತರೂ ಚಲೋ ಐತಿ ಎನ್ನುವವನು. ರಾತ್ರಿ ಮತ್ತೆ ಫೋನ್ ಮಾಡಿ, ತನಗೆ ಪ್ರಿಯವಾದ ಬೀಟಲ್ಸ್ ತಂಡದ ಒಂದು ಕಥೆ ಹೇಳಿದ. 1968ರಲ್ಲಿ ಜಾನ್ ಲೆನನ್ ಹೆಂಡತಿಯಿಂದ ದೂರವಾದಾಗ ಅವರ ಮಗ ಜೂಲಿಯನ್‌ಗೆ ಐದು ವರ್ಷ. ಆ ಕೂಸಿಗೆ ಸಮಾಧಾನ ಹೇಳಲೆಂದು ಹಾಡು ಕಟ್ಟಿದವನು ತಂದೆಯಲ್ಲ, ತಂದೆಯ ಗೆಳೆಯ ಪಾಲ್ ಮೆಕಾರ್ಟ್ನಿ. ತಾಯಿ ಮಗನನ್ನು ನೋಡಲು ಕಾರಿನಲ್ಲಿ ಹೋಗುವಾಗ ದಾರಿಯಲ್ಲೇ ಹೊಳೆದದ್ದಂತೆ. ಮೊದಲು 'ಜೂಲ್ಸ್' ಎಂದಿದ್ದುದನ್ನು ಹಾಡಲು ಸಲೀಸೆಂದು 'ಜೂಡ್' ಮಾಡಿದ. ಅದೇ 'ಹೇ ಜೂಡ್'. ಹುಡುಗನ ಹೆಸರೇ ಅಲ್ಲಿಲ್ಲ, ಆದರೂ ಅದು ಆ ಹುಡುಗನ ಹಾಡೇ.

ಹೆಸರಿನ ಬಗ್ಗೆ ಅಷ್ಟು ಹೊತ್ತು ವಾದ ಮಾಡಿಕೊಂಡ ನನಗೆ ಇದು ಇರುಸುಮುರುಸಾಯಿತು. ಪ್ರಾಸವೊಂದೇ ಸಾಲದು ಎಂದಾಯಿತಲ್ಲ. ಆ ಗೆಳೆಯ ಕಾರು ಹತ್ತಿ ಮನೆಯ ತನಕ ಹೋದ. ಯಂತ್ರಕ್ಕೆ ಕಾರು ಬೇಡ, ನಿಜ. ಆದರೆ ಅದರ ಬದಲು ಹೋಗಬೇಕಾದವಳು ನಾನಿದ್ದೆನಲ್ಲ! 'ಮರೆಯಲಾಗದ ಒಂದು ನೆನಪು' ಎಂಬ ಖಾಲಿ ಜಾಗದಲ್ಲಿ ನಾನು ಬರೆದದ್ದು, ಹತ್ತನೆಯ ತರಗತಿಯಲ್ಲಿ ಭಾಷಣ ಸ್ಪರ್ಧೆಯಲ್ಲಿ ಜಿಲ್ಲೆಗೆ ಪ್ರಥಮ ಬಂದದ್ದು. ಯಂತ್ರ ಅದನ್ನು ನಂಬಿತು. ಒಳ್ಳೆಯ ಕವಿಯಾಗಿದ್ದರೆ, ಹೋಗಲಿ, ಒಬ್ಬ ನೆರೆಮನೆಯಾಕೆಯಾಗಿದ್ದರೆ, "ಅದಲ್ಲರೀ, ಖರೇನ ಹೇಳ್ರಿ" ಎನ್ನುತ್ತಿದ್ದಳು.

ಖರೆ ಇಷ್ಟು. 1998ರಲ್ಲಿ ಎಂಬತ್ತು ಕಿಲೋಮೀಟರ್ ದೂರದ ಹಳ್ಳಿಯ ಪ್ರೌಢಶಾಲೆಗೆ ನನಗೆ ವರ್ಗವಾಯಿತು. ಮನೆಯವರ ನೌಕರಿ ಇನ್ನೊಂದೂರಲ್ಲಿ. ಮಗನಿಗೆ ಎರಡು ವರ್ಷ. ನಾಲ್ಕು ವರ್ಷ ಅವನು ತವರಿನಲ್ಲಿ ನಮ್ಮವ್ವನ ಹತ್ತಿರ ಬೆಳೆದ. ಸೋಮವಾರ ಮೊದಲ ಬಸ್ಸಿಗೆ ಹೋದರೆ ಶನಿವಾರ ಬರುವುದು. ಅವನು ಅಳುತ್ತಿರಲಿಲ್ಲ. ಅಜ್ಜಿಯ ಸೆರಗು ಹಿಡಿದು ಬಸ್ಸಿನ ಹಿಂದಿನ ದೀಪವನ್ನೇ ನೋಡುತ್ತ ನಿಲ್ಲುತ್ತಿದ್ದ. ಒಂದು ಶನಿವಾರ ಬಸ್ಸು ಕೆಟ್ಟು ರಾತ್ರಿ ತಡವಾಗಿ ಬಂದೆ. ಒಳಗೆ ನಮ್ಮವ್ವ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡುತ್ತಿದ್ದಳು. ಬೆಲ್ಲ, ಹಲ್ಲು ಎಲ್ಲ ಮುಗಿದು, ಅದೇ 'ಲ್ಲ'ಕಾರಕ್ಕೆ ಕಟ್ಟಿಬಿದ್ದು 'ಎಲ್ಲಿ' ಎಂಬ ಮಾತು ಬಂದಿತ್ತು. ನಿಮ್ಮವ್ವ ಎಲ್ಲಿ, ಎಲ್ಲಿಗೆ ಹೋದಾಳು ಎಂದು. ನನ್ನನ್ನು ಬೈದದ್ದಲ್ಲ ಅದು. ಕೂಸಿನ ಮನಸ್ಸಿನಲ್ಲಿದ್ದುದನ್ನು ಕೂಸಿನ ಪರವಾಗಿ ಹಾಡಿದಳು. ನಾನು ಕೈಚೀಲ ಹಿಡಿದು ಕಟ್ಟೆಯ ಮೇಲೆ ಕುಳಿತೆ. ಹಾಡು ಮುಗಿದು ಅವನು ನಿದ್ದೆ ಹೋದ ಮೇಲೆ ಕದ ತಟ್ಟಿದೆ.

ಇದನ್ನು ಆ ಖಾಲಿ ಜಾಗದಲ್ಲಿ ಬರೆದಿದ್ದರೆ ಯಂತ್ರ ಏನು ಕಟ್ಟುತ್ತಿತ್ತೋ, ನೋಡುವ ಮನಸ್ಸಾಗಲಿಲ್ಲ.

ನಮ್ಮವ್ವ ಹೋಗಿ ಹನ್ನೊಂದು ವರ್ಷವಾಯಿತು. ಯಾರೂ ಅವಳ ದನಿ ಹಿಡಿದಿಡಲಿಲ್ಲ. ಧಾಟಿ ನನಗೆ ನೆನಪಿದೆ, ಪದಗಳು ಅಷ್ಟಷ್ಟೇ. ಬಿಟ್ಟುಹೋದಲ್ಲಿ ನನ್ನ ಮಾತು ಸೇರಿಸುತ್ತ ಒಂದಿಷ್ಟು ಜೋಡಿಸಿದೆ. ಅವ್ವ ಬಸ್ಸು ಹತ್ತುವ ಸಾಲಿಗೆ 'ಮುಂಜಾನೆ' ಹಾಕಿದೆ. ಮೊನ್ನೆ ಶನಿವಾರ ರಾತ್ರಿ ಫೋನಿನಲ್ಲಿ ನನ್ನ ಒಡಕು ದನಿಯಲ್ಲೇ ಹಾಡಿದೆ. ಮಗ ಈ ಸಲ ಚಲೋ ಐತಿ ಎನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂಜಾನಿ ಅಲ್ಲವ್ವಾ, ಅಜ್ಜಿ ಅಲ್ಲೆ 'ನಸುಕು' ಅಂತಿದ್ಲು" ಎಂದ.